ಮುಂದಿನ ಎರಡು ಗಾಲಿ

"ಇದನ್ನ ತೊಳದಾಂವ ಯಾರು?"

ದುರ್ಗಪ್ಪ ಕೇಳಿದ್ದು ಇಷ್ಟೇ. ದನಿ ಏರಿಸಲಿಲ್ಲ, ಕಣ್ಣು ಕೆಂಪು ಮಾಡಲಿಲ್ಲ. ಜಾಕಿನ ಮೇಲೆ ಎದ್ದು ನಿಂತಿದ್ದ ಪುಟ್ಟ ಹಳದಿ ಕಾರಿನ ಮುಂದಿನ ಎರಡೂ ಗಾಲಿಗಳನ್ನು ಬಿಚ್ಚಿ ಪಕ್ಕಕ್ಕೆ ಮಲಗಿಸಿಯಾಗಿತ್ತು. ಒಳಗಿನ ಬ್ರೇಕ್ ಡಿಸ್ಕು ಹಬ್ಬಕ್ಕೆ ಬೆಳಗಿಟ್ಟ ತಾಟಿನ ಹಾಗೆ ಹೊಳೆಯುತ್ತಿತ್ತು. ರೇಸ್ ಟ್ರ್ಯಾಕಿನ ಅಂಚಿನ ಟೈರುಗಳ ಗೋಡೆಗೆ ಗುದ್ದಿ, ಮಣ್ಣು ಮುಕ್ಕಿ ಬಂದ ಗಾಡಿ ಇದು. ಮೈಯೆಲ್ಲ ಧೂಳಿರುವಾಗ ಬ್ರೇಕೊಂದೇ ಇಷ್ಟು ಶುಚಿಯಾಗಿದೆ ಎಂದರೆ ಯಾರೋ ಕೂತು ತಿಕ್ಕಿದ್ದಾರೆ ಎಂದೇ ಅರ್ಥ.

ಗ್ಯಾರೇಜಿನ ಮಾಲೀಕ ಯುನೂಸ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾವನ್ನು ಬಲಗೈಯಿಂದ ಎಡಗೈಗೆ ಬದಲಿಸಿದ. ಸುಳ್ಳು ಹೇಳುವ ಅಭ್ಯಾಸವಿಲ್ಲದ ಮನುಷ್ಯನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ ನೋಡಿ.

"ನಾನ ತೊಳದೇನ್ರಿ, ಸಾಹೇಬ್ರ."

"ಯಾಕ?"

ಆಚೆ ರಸ್ತೆಯಲ್ಲಿ ಕೆಂಪು ಗ್ರಾನೈಟ್ ಕಲ್ಲು ಹೇರಿಕೊಂಡ ಲಾರಿಯೊಂದು ಗುರುಗುಟ್ಟುತ್ತ ಹೋಯಿತು. ಅದು ಮರೆಯಾಗುವ ತನಕ ಯುನೂಸ ಅದನ್ನೇ ನೋಡುತ್ತ ನಿಂತ.

ಹೋದ ತಿಂಗಳು ತಮಿಳುನಾಡಿನ ರೇಸ್ ಟ್ರ್ಯಾಕಿನಲ್ಲಿ, ಮೊದಲ ಸುತ್ತಿನ ಮೊದಲ ತಿರುವಿಗೇ ಈ ಕಾರಿನ ಬ್ರೇಕು ಕೈಕೊಟ್ಟು, ಅಮಾತೆಪ್ಪನ ಮಗಳು ಬಸವೇಶ್ವರಿ ಎಡಗೈ ಮುರಿದುಕೊಂಡು ಬಂದಿದ್ದಳು. ಅಂದಿನಿಂದ ಇಳಕಲ್ಲಿನ ಈ ಗ್ಯಾರೇಜಿನ ಕಡೆ ಜನ ಮುಖ ಹಾಕುವುದು ಬಿಟ್ಟಿದ್ದರು. ಬ್ರೇಕಿಗೆ ಹೊಸ ಪ್ಯಾಡು ಕೂಡಿಸಿದವನು ಯುನೂಸನೇ. ಇನ್ನೇನು ಬೇಕು? ಬಾಯಿಗೊಂದು ಮಾತು ಸಿಕ್ಕಿತು, ಊರು ಅಗಿಯಿತು.

ದುರ್ಗಪ್ಪನಿಗೆ ಇದು ಊಟಕ್ಕೆ ಕೂತಾಗ ಹಲ್ಲಿಗೆ ಸಿಕ್ಕ ಹರಳಿನಂತಾಗಿತ್ತು. ಆರ್‌ಟಿಓ ಆಫೀಸಿನಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದವನು ಅವನು. ನಾಲ್ಕು ತಾಲೂಕಿನ ಲಾರಿ, ಬಸ್ಸು, ಟಂಟಂ ಆಟೋಗಳ ಗಾಲಿ ಗುದ್ದಿ ನೋಡಿದವನು. ಯಾರ ಗ್ಯಾರೇಜಿನಲ್ಲಿ ಯಾವ ಕಳ್ಳತನ ನಡೆಯುತ್ತದೆಂದು ಅವನಿಗೆ ಬಾಯಿಪಾಠ. ಯುನೂಸನ ಗ್ಯಾರೇಜಿನಲ್ಲಿ ಅಂಥದ್ದು ಒಂದು ದಿನವೂ ಕಂಡಿರಲಿಲ್ಲ.

ಕಾರಿನ ಹೆಸರು ಗುಬ್ಬಿ. ಹೆಸರಿಟ್ಟವಳು ಬಸವೇಶ್ವರಿಯ ಅಜ್ಜಿ. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ ಈ ಗಾಡಿ ಗುಜರಿಗೆ ಹೋಗಬೇಕಾಗಿತ್ತು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುವ ಹುಡುಗಿ ಅದನ್ನು ಮುದ್ದೆಯಾಗಿದ್ದ ಸ್ಥಿತಿಯಲ್ಲಿ ತಂದು, ರಜೆ ಸಿಕ್ಕಾಗಲೆಲ್ಲ ಇಳಕಲ್ಲಿಗೆ ಓಡಿ ಬಂದು, ಯುನೂಸನ ಜೊತೆ ಕೂತು ಕೈಯೆಲ್ಲ ಮಸಿ ಮಾಡಿಕೊಂಡು ಮತ್ತೆ ಜೀವ ತುಂಬಿದ್ದಳು.

ಅಂಥ ಹುಡುಗಿ ಈಗ ಪ್ಲಾಸ್ಟರ್ ಹಾಕಿದ ಕೈ ಎದೆಗೆ ಕಟ್ಟಿಕೊಂಡು ಹೇಳಿದ ಮಾತು ದುರ್ಗಪ್ಪನ ಕಿವಿಯಲ್ಲಿ ಇನ್ನೂ ಇತ್ತು. "ಕಾಕಾ, ಮುರದ ಎಲುವು ಕೂಡತೈತಿ. ಯಾರನ್ನ ನಂಬಬೇಕು ಅನ್ನೂದು ಗೊತ್ತಾಗಲಾರದ ನಾ ಮತ್ತ ಆ ಸೀಟಿನ್ಯಾಗ ಕೂಡೂದಿಲ್ಲ."

ಅವಳಪ್ಪ ಅಮಾತೆಪ್ಪ ಹೇಳಿದ್ದು ಬೇರೆ. ಅವನು ಬಸ್ ಡಿಪೋದಲ್ಲಿ ಫೋರ್‌ಮನ್ ಆಗಿದ್ದವನು, ದುರ್ಗಪ್ಪನ ಲಂಗೋಟಿ ಗೆಳೆಯ. ಮಗಳ ರೇಸಿನ ಹುಚ್ಚು ಅವನಿಗೆ ಮೊದಲಿನಿಂದಲೂ ಹಿಡಿಸದು. "ಲೇ ದುರ್ಗ್ಯಾ, ಆದದ್ದು ಆತು. ಹಳೇದನ್ನ ಕೆದರಬ್ಯಾಡ. ಮಗಳ ಗಾಡಿಗೆ ನಂಬಿಗಸ್ತ ಗ್ಯಾರೇಜ್ ಒಂದು ಹುಡುಕಿಕೊಡು, ಅಷ್ಟ ಸಾಕು," ಎಂದಿದ್ದ.

ಹುಡುಕಿದ್ದೂ ಆಗಿತ್ತು. ಬಾದಾಮಿಯಲ್ಲಿ ಗೌತಮ ಎಂಬವನ ಹೊಸ ಗ್ಯಾರೇಜು. ಗಾಜಿನ ಗೋಡೆ, ನೆಲ ನೋಡಿದರೆ ಅಲ್ಲೇ ಎಲೆ ಹಾಕಿ ಉಣ್ಣಬೇಕು ಅನ್ನಿಸುವಷ್ಟು ಚೊಕ್ಕಟ. ಗಾಡಿಗೆ ಏನಾಗಿದೆ ಎಂದು ದುರ್ಗಪ್ಪ ಫೋಟೋ ತೋರಿಸಿ ಕೇಳಿದರೆ, ಗೌತಮ ಫೋಟೋ ಪೂರ್ತಿ ನೋಡುವ ಮೊದಲೇ ಎಲ್ಲ ಬದಲಿಸಬೇಕು ಅಂದ. ಬಾನೆಟ್ ತೆಗೆಯುವ ಮುಂಚೆ ರೋಗ ಹೇಳುವವನನ್ನು ದುರ್ಗಪ್ಪ ನಂಬುವವನಲ್ಲ. ಚಹಾ ಚೆನ್ನಾಗಿತ್ತು, ಕುಡಿದು ಎದ್ದು ಬಂದ.

ಆದರೆ ಇಲ್ಲಿ? ರೋಗದ ಗುರುತನ್ನೇ ತೊಳೆದು ಕೂತವನನ್ನು ಹೇಗೆ ನಂಬುವುದು? ಯುನೂಸ ತಪ್ಪಿತಸ್ಥನಾಗಬಾರದು ಎಂದು ದುರ್ಗಪ್ಪ ಮನಸ್ಸಿನಲ್ಲೇ ಹರಕೆ ಹೊತ್ತುಕೊಂಡೇ ಬಂದಿದ್ದ.

"ನೋಡಪಾ ಯುನೂಸ. ಪ್ಯಾಡು ನೀ ಕೂಡಿಸಿದಿ. ಗಾಡಿ ವಾಪಸ್ ಬಂದಿದ್ದು ನಿನ್ನ ಹತ್ರ. ತೊಳದಾಂವನೂ ನೀನ. ಮಂದಿ ಏನಂತಾರ ಅನ್ನೂದು ನನಗ ಬ್ಯಾಡ. ನಾ ಏನ್ ಅಂದ್ಕೋಬೇಕು, ಅದನ್ನ ಹೇಳು."

"ತಿಳಿದಂಗ ಅಂದ್ಕೋರಿ, ಸಾಹೇಬ್ರ."

"ಅಂದ್ರ ತಪ್ಪು ನಿಂದ?"

"ನಂದ ಅಂತ ಬರಕೊಳ್ರಿ." ಯುನೂಸ ಮುಖ ತಿರುಗಿಸಿದ. "ಬಾದಾಮಿಗೆ ಒಯ್ಯಿರಿ ಗಾಡಿ. ನನ್ನ ಕೈ ಬಿಟ್ಟುಬಿಡ್ರಿ."

ಅಷ್ಟರಲ್ಲಿ ಇಂದ್ರವ್ವ ಎದ್ದು ಬಂದಳು. ದುರ್ಗಪ್ಪನ ಹೆಂಡತಿ ಇಷ್ಟು ಹೊತ್ತು ಬಾಗಿಲ ಬಳಿಯ ಹಳೆಯ ಬಸ್ಸಿನ ಸೀಟಿನ ಮೇಲೆ ಕೂತು, ಇಳಕಲ್ಲಿಗೆ ಬಂದು ಸೀರೆಯ ಅಂಗಡಿಯ ಮೆಟ್ಟಿಲು ಹತ್ತದೆ ಗ್ಯಾರೇಜಿನಲ್ಲಿ ಕೂತ ಹೆಣ್ಣುಮಗಳು ಭೂಮಿ ಮೇಲೆ ತಾನೊಬ್ಬಳೇ ಇರಬೇಕೆಂದು ಗೊಣಗುತ್ತಿದ್ದಳು. ಗಂಡ ಇದಕ್ಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮದುವೆಯಾದಾಗಿನಿಂದ ಅವನು ಕಲಿತಿದ್ದ ಒಂದೇ ಜಾಣತನ ಅದು.

ಅವಳು ಮಲಗಿಸಿದ್ದ ಗಾಲಿಯ ಹತ್ತಿರ ಬಂದು ನಿಂತು ಮೂಗು ಅರಳಿಸಿದಳು. ಮತ್ತೊಮ್ಮೆ ಬಗ್ಗಿ ಮೂಸಿದಳು.

"ಇಲ್ಲಿ ಔಡಲೆಣ್ಣಿ ವಾಸನಿ ಬರಾಕತ್ತೈತಲ್ಲ?"

ಯುನೂಸನ ಕೈಯಿಂದ ಪಾನಾ ಠಣ್ ಎಂದು ಕೆಳಗೆ ಬಿತ್ತು.

ದುರ್ಗಪ್ಪ ಮೊಣಕಾಲೂರಿ ಕೂತ. ಡಿಸ್ಕು ತೊಳೆದಾಗಿತ್ತು, ಪ್ಯಾಡು ತೊಳೆದಾಗಿತ್ತು. ಆದರೆ ಗಾಲಿಯ ಒಳಮೈಯಲ್ಲಿ, ತೂಕ ಸರಿಮಾಡಲು ಬಡಿದ ಸೀಸದ ತುಂಡಿನ ಹಿಂದೆ, ಅರಿವೆ ಹೋಗದ ಸಂದಿನಲ್ಲಿ ಕಪ್ಪನೆಯದೇನೋ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದು ಎರಡು ಬೆರಳ ನಡುವೆ ತಿಕ್ಕಿದ. ಜಿಗುಟು, ಅದರೊಳಗೆ ನುಣ್ಣನೆಯ ಮಸಿ. ಮೂಗಿನ ಹತ್ತಿರ ತಂದ ಕೂಡಲೇ ಅವನು ಇಳಕಲ್ಲಿನಲ್ಲಿರಲಿಲ್ಲ. ಐಹೊಳೆಯ ಹಾದಿಯಲ್ಲಿ ಅಪ್ಪನ ಚಕ್ಕಡಿಯ ಹಿಂದೆ ಕಾಲಾಡಿಸುತ್ತ ಕೂತ ಹುಡುಗನಾಗಿದ್ದ.

"ಕೀಲೆಣ್ಣಿ," ಅಂದ.

ಹೌದು, ಕೀಲೆಣ್ಣೆಯೇ. ಔಡಲೆಣ್ಣೆಗೆ, ಅಂದರೆ ಹರಳೆಣ್ಣೆಗೆ, ಸುಟ್ಟ ಹುಲ್ಲಿನ ಬೂದಿ ಕಲಸಿ ಚಕ್ಕಡಿಯ ಅಚ್ಚಿಗೆ ಹಾಕುತ್ತಿದ್ದ ಎಣ್ಣೆ. ಅದನ್ನು ಹಾಕದೆ ಯಾವ ಚಕ್ಕಡಿಯೂ ಊರ ಅಗಸಿ ಬಾಗಿಲು ದಾಟುತ್ತಿರಲಿಲ್ಲ. ಕಟ್ಟಿಗೆಯ ಗಾಲಿ ಹೋಗಿ ರಬ್ಬರಿನ ಟೈರು ಬಂದ ಮೇಲೆ ಅದರ ಹೆಸರೂ ಮರೆತುಹೋಗಿದೆ. ಈಗ ಅದು ಯಾವ ಅಂಗಡಿಯಲ್ಲಿ ಸಿಗುತ್ತದೆ? ಯಾರ ಮನೆಯಲ್ಲಿ ಇರುತ್ತದೆ?

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರಿಗೂ ಒಂದೇ ಬಾಗಿಲು ಕಣ್ಣಿಗೆ ಬಂದಿತ್ತು. ಬಾಗಲಕೋಟೆಯ ನವನಗರದಲ್ಲಿ ಅಮಾತೆಪ್ಪನ ಮನೆಯ ತಲೆಬಾಗಿಲು. ಅದರ ಪಕ್ಕ ಮೊಳೆಗೆ ತೂಗುಹಾಕಿದ, ಎಣ್ಣೆ ತುಂಬಿಡುವ ಬಿದಿರಿನ ಗೊಟ್ಟ. ಹಳೆಯ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋಗುವಾಗ ಅಮಾತೆಪ್ಪನ ತಾಯಿ ಶಿವಬಸವ್ವ ಪಾತ್ರೆ ಪಗಡೆ ಬಿಟ್ಟರೂ ಆ ಕೀಲೆಣ್ಣೆಯ ಗೊಟ್ಟವನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದಳು.

"ಮುದುಕಿ ಕೆಲಸ," ಇಂದ್ರವ್ವ ಮೆಲ್ಲಗೆ ಹೇಳಿದಳು. "ಅಯ್ಯ ಶಿವನ."

ಯುನೂಸ ಗಾಲಿಯ ಪಕ್ಕ ಕೂತ. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಗಾಡಿ ವಾಪಸು ಬಂದ ದಿನ ಗಾಲಿ ಬಿಚ್ಚಿದ ಕೂಡಲೇ ತನಗೆ ವಾಸನೆ ಬಡಿಯಿತೆಂದೂ, ಅದು ಯಾರ ಕೆಲಸವೆಂದು ಅಲ್ಲೇ ತಿಳಿಯಿತೆಂದೂ ಹೇಳಿದ. ಬ್ರೇಕಿನ ಪ್ಯಾಡಿಗೆ ಎಣ್ಣೆ ತಾಗಿದರೆ ಅದು ಹಿಡಿಯುವುದಿಲ್ಲ, ಜಾರುತ್ತದೆ. ಮನೆಯಿಂದ ಟ್ರ್ಯಾಕಿನ ತನಕ ಗಾಡಿ ಲಾರಿಯ ಮೇಲೆ ಹೋಗಿತ್ತು. ಹಾಗಾಗಿ ಬ್ರೇಕು ಹಿಡಿಯುತ್ತದೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಟ್ರ್ಯಾಕಿನಲ್ಲಿ ವೇಗ ಏರಿಸಿ ಮೊದಲ ಸಲ ಒತ್ತಿದಾಗಲೇ ಗೊತ್ತಾದದ್ದು.

ಡಿಪೋದಲ್ಲಿ ಅಮಾತೆಪ್ಪನ ಕೈಕೆಳಗೆ ಕೆಲಸ ಕಲಿತವನು ಯುನೂಸ. ಉಸ್ತಾದರು ಎಂದೇ ಕರೆಯುವ ಆ ಗುರುವಿನ ಮನೆಯಲ್ಲಿ, ಆಯಿ ಶಿವಬಸವ್ವನ ಪಕ್ಕದಲ್ಲೇ ಅವನ ತಾಟು ಇರುತ್ತಿತ್ತು. ಅವನ ತಾಯಿ ರಂಜಾನಬಿ ತೀರಿಕೊಂಡಾಗ ಶಿವಬಸವ್ವ ಇಳಕಲ್ಲಿಗೆ ಬಂದು ಇವನಿಗೆ ತುತ್ತು ಮಾಡಿ ಉಣಿಸಿ ಹೋಗಿದ್ದಳು.

"ಮೊಮ್ಮಗಳ ಕೈ ತನ್ನ ಕೈಲೇ ಮುರೀತು ಅಂತ ಆಯಿಗೆ ಗೊತ್ತಾದ್ರ ಆಕಿ ಅನ್ನ ಬಿಡತಾಳ್ರಿ," ಅಂದ ಯುನೂಸ. "ನಾ ಹೆಸರು ಕಳಕೊಂಡ್ರ ಮತ್ತ ಗಳಿಸಬಹುದು. ಆ ವಯಸ್ಸಿನ್ಯಾಗ ಆಕಿಗೆ ಮತ್ತ ನಗೂದು ಕಲಿಸಾಕ ನಮ್ಮ ಕೈಲೆ ಆಗೂದಿಲ್ಲ."

ದುರ್ಗಪ್ಪ ಎದ್ದು ಯುನೂಸನ ಭುಜದ ಮೇಲೆ ಕೈಯಿಟ್ಟ. ಮೂರ್ಖ ಅಂದ. ಆ ಬೈಗುಳದಲ್ಲಿ ಎಷ್ಟು ಅಕ್ಕರೆ ಇತ್ತೆಂದರೆ ಇಂದ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆದರೆ ಬ್ರೇಕ್ ಇನ್‌ಸ್ಪೆಕ್ಟರನ ಕೈ ಸುಮ್ಮನಿರುವುದಿಲ್ಲ. ಹಿಂದಿನ ಗಾಲಿಗಳನ್ನೂ ಬಿಚ್ಚು ಅಂದ.

"ಹಿಂದಿನವು ಯಾಕ್ರಿ? ಅವನ್ನ ನಾ ಮುಟ್ಟೇ ಇಲ್ಲ."

"ಮುಟ್ಟಿಲ್ಲ ಅಂತನ ಬಿಚ್ಚು."

ಯುನೂಸ ಒಲ್ಲದ ಮನಸ್ಸಿನಿಂದ ಬಿಚ್ಚಿದ. ಅಲ್ಲಿಯೂ ಎಣ್ಣೆ. ಎರಡೂ ಕಡೆ ಪ್ಯಾಡು ನೆನೆದು ಧೂಳು ಹಿಡಿದಿತ್ತು. ದುರ್ಗಪ್ಪ ಬಿಳಿ ಕರವಸ್ತ್ರದಲ್ಲಿ ಒರೆಸಿ, ಬಿಸಿಲಿಗೆ ಹಿಡಿದು ನೋಡಿ, ಮೂಸಿದ. ಮಸಿಯಿಲ್ಲ. ಔಡಲದ ವಾಸನೆಯೂ ಇಲ್ಲ. ತೆಳ್ಳನೆಯ ಮಶೀನ್ ಎಣ್ಣೆ.

"ಗೊಟ್ಟದಾಗಿಂದು ತೀರಿದ್ಮ್ಯಾಲ ಆಯಿ ಬ್ಯಾರೆ ಎಣ್ಣಿ ಹಾಕಿರಬೇಕ್ರಿ," ಯುನೂಸ ಅಂದ.

ಯಾರೂ ಕೇಳಿರಲಿಲ್ಲ. ಕೇಳುವ ಮೊದಲೇ ಬಂದ ಉತ್ತರ ಅದು. ದುರ್ಗಪ್ಪ ಕರವಸ್ತ್ರ ಮಡಚಿ ಜೇಬಿಗಿಟ್ಟುಕೊಂಡ.

ಹಳೆಯ ಜೀಪು ಹುನಗುಂದ ಮುಟ್ಟುವ ತನಕ ಇಂದ್ರವ್ವ ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ದುರ್ಗಪ್ಪನಿಗೆ ಜೀಪಿನ ಎಂಜಿನ್ನಿನಲ್ಲಿ ಏನೋ ಕೆಟ್ಟಂತೆ ಅನ್ನಿಸುತ್ತದೆ. ಕೊನೆಗೆ ಅವಳೇ ಬಾಯಿಬಿಟ್ಟಳು. ನಿಜ ಹೇಳಿದರೆ ಮುದುಕಿಯ ಎದೆ ಒಡೆಯುತ್ತದೆ, ಹೇಳದಿದ್ದರೆ ಯುನೂಸನ ಬಾಳು ಒಡೆಯುತ್ತದೆ, ಎತ್ತ ಹೋಗೋಣ ಅಂದಳು. ದುರ್ಗಪ್ಪ ಗಾಡಿ ನಿಲ್ಲಿಸಿದ.

ನಿಲ್ಲಿಸಿದ್ದು ಚಹಾಕ್ಕೆ, ರಾಚಪ್ಪನನ್ನು ಕಾಣಲಿಕ್ಕೂ. ಗುಬ್ಬಿಯನ್ನು ಟ್ರ್ಯಾಕಿಗೆ ಹೊತ್ತುಕೊಂಡು ಹೋದ ಲಾರಿ ಅವನದು. ಹುನಗುಂದದ ಕ್ರಾಸಿನಲ್ಲಿ ಲಾರಿಗೆ ಒರಗಿ ಎಲೆ ಅಡಿಕೆ ಮೆಲ್ಲುತ್ತ ನಿಂತಿದ್ದ. ಹೊರಟ ದಿನ ನವನಗರದ ಮನೆ ಮುಂದೆ ಏನೇನಾಯಿತೆಂದು ದುರ್ಗಪ್ಪ ಕೇಳಿದ. ರಾಚಪ್ಪನಿಗೆ ನೆನಪು ಚೆನ್ನಾಗಿಯೇ ಇತ್ತು, ಯಾಕೆಂದರೆ ಅವತ್ತಿನ ಚುರುಮುರಿ ಸುಸಲಾ ಅಷ್ಟು ರುಚಿಯಾಗಿತ್ತು. ಗಾಡಿಗೆ ಪೂಜೆ ಮಾಡಿದರು, ಕಾಯಿ ಒಡೆದರು, ಎಲ್ಲರೂ ಒಳಗೆ ನಾಷ್ಟಾಕ್ಕೆ ಕೂತರು. ಅಜ್ಜಿ ಹೊರಗೇ ಉಳಿದಳು. ಅಮಾತೆಪ್ಪನವರು ತಡವಾಗಿ, ಟವೆಲಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು. ಪೂಜೆಯ ಕುಂಕುಮ ಹತ್ತಿರಬೇಕು ಅಂದುಕೊಂಡೆ ಅಂದ ರಾಚಪ್ಪ. ಸುಸಲಾದ ಮೇಲೆ ಮಿರ್ಚಿಯೂ ಬಂತು, ಆಮೇಲೆ ಗಾಡಿ ಹೇರಿದೆವು.

ದುರ್ಗಪ್ಪ ಚಹಾದ ಲೋಟ ಕೆಳಗಿಟ್ಟ. ಅರ್ಧ ಹಾಗೇ ಉಳಿದಿತ್ತು.

ನವನಗರದ ಮನೆಯಲ್ಲಿ ಅವರನ್ನು ಬರಮಾಡಿಕೊಂಡವನು ಅಮಾತೆಪ್ಪನೇ. ಹೆಂಡತಿ ಶಿವಯೋಗ ಮಂದಿರಕ್ಕೆ ಹೋಗಿದ್ದಾಳೆ, ಇವತ್ತು ನನ್ನ ಕೈಯ ಚಹಾವೇ ಗತಿ ಎಂದು ನಗುತ್ತ ಅಡುಗೆಮನೆಗೆ ಹೋದ. ಹೋಗುವ ಮುಂಚೆ ಬಾದಾಮಿಯ ಗ್ಯಾರೇಜು ಹೇಗಿದೆ ಎಂದು ಕೇಳಿದ. ಇಳಕಲ್ಲಿನ ಹೆಸರೆತ್ತಲಿಲ್ಲ. ಊರ ಮಂದಿಯ ಮುಂದೆ ಯುನೂಸನ ಗ್ಯಾರೇಜಿಗೆ ಹೋಗಿ, ನನ್ನ ಮನೆಯ ಹೊಸ್ತಿಲು ತುಳಿಯಬೇಡ ಎಂದು ಕೂಗಾಡಿ ಬಂದವನು ಅವನು. ಆ ಕೂಗಾಟ ಅವನ ಸ್ವಭಾವವಲ್ಲ. ದುರ್ಗಪ್ಪನಿಗೆ ಅದು ಆವತ್ತೇ ವಿಚಿತ್ರವೆನಿಸಿತ್ತು, ಆದರೆ ಹೆತ್ತ ಹೊಟ್ಟೆಯ ಉರಿ ಎಂದು ಸುಮ್ಮನಾಗಿದ್ದ.

ಪಡಸಾಲೆಯಲ್ಲಿ ಶಿವಬಸವ್ವ ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಬಸವೇಶ್ವರಿ ಒಂದೇ ಕೈಯಲ್ಲಿ ಹರಳು ಆರಿಸುತ್ತಿದ್ದಳು. ಅಜ್ಜಿಯ ಕಣ್ಣಿಗೆ ಸರಿಯಾಗಿ ಕಾಣದು, ಮೊಮ್ಮಗಳ ಕೈಗೆ ಬಲವಿಲ್ಲ. ಇಬ್ಬರೂ ಸೇರಿ ಹರಳನ್ನು ಉಳಿಸಿ ಕಾಳನ್ನು ಎಸೆಯುತ್ತಿದ್ದಾರೆಯೇ ಎಂದು ಇಂದ್ರವ್ವ ಛೇಡಿಸಿ, ಹತ್ತಿರ ಕೂತು, ಮೊಣಕಾಲು ನೀವಿಕೊಂಡಳು.

"ಅವ್ವಾರ, ಮೊಣಕಾಲು ಭಾಳ ಹಿಡದೈತ್ರಿ. ಔಡಲೆಣ್ಣಿ ಇದ್ರ ಒಂಚೂರು ಕೊಡ್ರಿ, ಹಚ್ಕೋತೇನಿ."

ದುರ್ಗಪ್ಪ ಹೆಂಡತಿಯನ್ನೇ ನೋಡಿದ. ಇಂಥ ಹೆಂಡತಿ ಇಲಾಖೆಯಲ್ಲಿದ್ದಿದ್ದರೆ ಎಷ್ಟು ಕಳ್ಳರು ಚಹಾ ಕುಡಿಯುತ್ತಲೇ ಒಪ್ಪಿಕೊಳ್ಳುತ್ತಿದ್ದರೋ ಏನೋ.

ಶಿವಬಸವ್ವ ಗೋಡೆಯ ಗೊಟ್ಟದ ಕಡೆ ಕೈ ತೋರಿಸಿದಳು. "ಖಾಲಿ ಆಗೇತವಾ. ಇದ್ದದ್ದನ್ನೆಲ್ಲಾ ಗುಬ್ಬಿಗೆ ಹಾಕಿಬಿಟ್ಟೆ. ಕೂಸು ಅಷ್ಟು ದೂರ ಹೊಂಟಿತ್ತಲ್ಲ. ಎಲ್ಲಾರೂ ಕಾಯಿ ಒಡದ್ರು, ಲಿಂಬಿಹಣ್ಣು ಇಟ್ರು. ಕೀಲೆಣ್ಣಿ ನೆನಪು ಒಬ್ಬರಿಗೂ ಇಲ್ಲ. ಕೀಲೆಣ್ಣಿ ಇಲ್ಲದ ಬಂಡಿ ದಾರಿ ಹಿಡೀಬಾರದು."

ಬಸವೇಶ್ವರಿಯ ಬೆರಳು ಮೊರದಲ್ಲೇ ನಿಂತಿತು.

ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಯುನೂಸನ ಪಕ್ಕ ಕೂತು ಆ ಬ್ರೇಕಿನ ಒಳಹೊರಗು ಕಲಿತವಳು. ಮುಖದ ಬಣ್ಣ ಹೋಯಿತು, ಬಂತು. ದುರ್ಗಪ್ಪನ ಕಡೆ ನೋಡಿದಳು. ಅವನು ಮೆಲ್ಲಗೆ ತಲೆಯಾಡಿಸಿದ. ಈಗ ಅವಳು ಏನು ಹೇಳುತ್ತಾಳೋ ಅದರ ಮೇಲೆ ಆ ಮುದುಕಿಯ ಉಳಿದ ಆಯುಷ್ಯವೆಲ್ಲ ನಿಂತಿತ್ತು.

ಬಸವೇಶ್ವರಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟಳು. ಅವಳ ಬೆನ್ನು ಕುಲುಕುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಮೊದಲಿಗೆ ತಿಳಿಯಲಿಲ್ಲ, ಎರಡೂ ಆಗಿತ್ತು.

ಶಿವಬಸವ್ವ ಗಾಬರಿಯಾದಳು. "ಯಾಕ ನನ ಕಂದಾ? ಎಣ್ಣಿ ಸಾಲಲಿಲ್ಲೇನು?"

"ಬೇಕಾದಷ್ಟು ಆಗಿತ್ತು ಆಯಿ." ಬಸವೇಶ್ವರಿ ಅಜ್ಜಿಯ ಸೀರೆಯಲ್ಲೇ ಮೂಗು ಒರೆಸಿಕೊಂಡಳು. "ನೀ ಹಾಕಿದ್ದಕ್ಕನ ಬರೇ ಕೈ ಮುರೀತು. ಇಲ್ಲಂದ್ರ ಏನಾಗತಿತ್ತೋ."

ಶಿವಬಸವ್ವನ ಮುಖ ಅರಳಿತು. ನಾನು ಹೇಳಲಿಲ್ಲವೇ ಎಂಬಂತೆ ಇಂದ್ರವ್ವನ ಕಡೆ ನೋಡಿ ಮತ್ತೆ ಮೊರ ಕೈಗೆತ್ತಿಕೊಂಡಳು. ಲೋಕದಲ್ಲಿ ಕೆಲವು ಸುಳ್ಳುಗಳಿಗೆ ದೇವರು ಲೆಕ್ಕ ಇಡಲಿಕ್ಕಿಲ್ಲ. ಇಟ್ಟರೆ ಅವನಿಗೆ ತಾಯಿ ಇದ್ದಿರಲಿಕ್ಕಿಲ್ಲ ಎಂದು ದುರ್ಗಪ್ಪ ಅಂದುಕೊಂಡ.

ಬಸವೇಶ್ವರಿ ಫೋನು ತೆಗೆದಳು. ಒಂದೇ ಕೈ, ಕಿವಿಗಿಡಲು ಆಗದೆ ಸ್ಪೀಕರಿಗೆ ಹಾಕಿ ಮೊರದ ಪಕ್ಕ ಇಟ್ಟಳು. ಆ ಕಡೆ ಯುನೂಸ 'ಹಲೋ' ಅಂದ.

"ಯುನೂಸ್ ಕಾಕಾ," ಅಂದಳು. "ಗುಬ್ಬಿ ಎಲ್ಲಿಗೂ ಹೋಗೂದಿಲ್ಲ. ನಿನ್ನ ಕೈಯಾಗ ಇರಲಿ. ಕೈ ಕೂಡಿದ ಮ್ಯಾಲ ಬರ್ತೇನಿ, ಇಬ್ಬರೂ ಕೂಡಿ ಕೂಡಸೂಣು. ನಾ ನಿನ್ನ ಮ್ಯಾಲ ಸಂಶೆ ಪಟ್ಟೆ. ತಪ್ಪಾತು ಕಾಕಾ."

ಆ ಕಡೆಯಿಂದ ಮೂಗೆಳೆದುಕೊಂಡ ಸದ್ದು ಬಂತು. ಆಯಿ ಚೆನ್ನಾಗಿದ್ದಾಳೆಯೇ ಎಂದು ಕೇಳಿದ. ಅಜ್ಜಿ ಮೊರದಿಂದಲೇ, ನೀನು ಯಾಕೆ ಊಟಕ್ಕೆ ಬರುವುದು ಬಿಟ್ಟೆ ಎಂದು ಗದರಿಸಿದಳು.

ಸಿಕ್ಕಿತಲ್ಲ, ಅಂದುಕೊಂಡ ದುರ್ಗಪ್ಪ. ನಂಬಿಗಸ್ತ ಗ್ಯಾರೇಜು ಸಿಕ್ಕಿತು. ಬಾದಾಮಿಗೂ ಹೋಗಬೇಕಾಗಿರಲಿಲ್ಲ, ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಇಲ್ಲಿಗೇ ಮುಗಿಸಿ, ಹೆಂಡತಿಯನ್ನು ಕರೆದುಕೊಂಡು ಹೋಗಿ ಸೀರೆ ಕೊಡಿಸಬಹುದಿತ್ತು. ಆದರೆ ಜೇಬಿನಲ್ಲಿ ಆ ಕರವಸ್ತ್ರ ಇತ್ತಲ್ಲ, ಅದು ಚುಚ್ಚುತ್ತಿತ್ತು.

"ಅವ್ವಾ, ಒಂದು ಮಾತು. ಹಿಂದಿನ ಗಾಲಿಗೆ ಯಾವ ಎಣ್ಣಿ ಹಾಕಿದಿ?"

"ಹಿಂದಿನವಕ್ಕ ನಾ ಎಲ್ಲಿ ಹಾಕಿದೆ ತಮ್ಮಾ?" ಶಿವಬಸವ್ವ ಕಾಳು ಕೇರುತ್ತಲೇ ಹೇಳಿದಳು. "ಚಕ್ಕಡಿಗೆ ಇರೂದು ಎರಡ ಗಾಲಿ. ಎರಡಕ್ಕ ಹಾಕಿ ಒಳಗ ನಡದಿದ್ದೆ. ಆಮ್ಯಾಲ ನೆನಪಾತು, ಇದಕ್ಕ ನಾಕು ಅದಾವಲ್ಲ ಅಂತ. ಹೊಳ್ಳಿ ಬರೂದ್ರಾಗ ನಮ್ಮ ಅಮಾತೆಪ್ಪ ಹಿಂದಿನ ಗಾಲಿ ಹತ್ರ ಕುಂತಿದ್ದ. ಹೊಲಿಗಿ ಮಶೀನಿಗೆ ಹಾಕೂ ಎಣ್ಣಿ ಡಬ್ಬಿ ಇತ್ತು ಕೈಯಾಗ. ಹಿಂದಿನವು ನಾ ನೋಡ್ಕೋತೇನಿ, ನೀ ಒಳಗ ನಡಿ ಅವ್ವಾ ಅಂದ."

ಮೊರವನ್ನು ಕೆಳಗಿಟ್ಟು ಮೊಮ್ಮಗಳ ಕೆನ್ನೆ ಸವರಿದಳು. "ಎಷ್ಟಾದ್ರೂ ಹಡದ ಅಪ್ಪ. ನಿನ್ನ ಮ್ಯಾಲ ಜೀವಾನ ಇಟ್ಟಾನ."

ಇಂದ್ರವ್ವ ಮೊಣಕಾಲು ನೀವುವುದನ್ನು ಬಿಟ್ಟು ಗಂಡನ ಕಡೆ ನೋಡಿದಳು.

ಕೀಲೆಣ್ಣೆಗೂ ಬ್ರೇಕಿಗೂ ಇರುವ ವ್ಯತ್ಯಾಸ ತಿಳಿಯದ ಮುದುಕಿ ಎಣ್ಣೆ ಹಾಕುವುದು ಬೇರೆ. ಡಿಪೋದಲ್ಲಿ ಜೀವಮಾನವೆಲ್ಲ ಬಸ್ಸಿನ ಬ್ರೇಕು ನೋಡಿ, ಒಂದು ಹನಿ ಗ್ರೀಸು ತಾಗಿದರೂ ಹುಡುಗರ ಕಿವಿ ಹಿಂಡುತ್ತಿದ್ದ ಫೋರ್‌ಮನ್ ಹಾಕುವುದು ಬೇರೆ. ಹಳೆಯದನ್ನು ಕೆದರಬೇಡ ಅಂದದ್ದು ಇದಕ್ಕೇ? ಯುನೂಸನ ಮೇಲೆ ಹಾಗೆ ಕೂಗಾಡಿದ್ದು ಇದಕ್ಕೇ? ಅಮಾತೆಪ್ಪನ ಮದುವೆಯಲ್ಲಿ ತಾನು ಕುಣಿದಿದ್ದು, ಈ ಮಗಳು ಹುಟ್ಟಿದಾಗ ಇಬ್ಬರೂ ಸೇರಿ ದವಾಖಾನೆಯ ಹೊರಗೆ ಪೇಡೆ ಹಂಚಿದ್ದು, ಏನೇನೋ ದುರ್ಗಪ್ಪನ ಕಣ್ಮುಂದೆ ಬಂತು.

ಬಸವೇಶ್ವರಿ ತಿರುಗಿ ನೋಡಿದಳು. ಅಡುಗೆಮನೆಯ ಬಾಗಿಲಲ್ಲಿ ಅಮಾತೆಪ್ಪ ಚಹಾದ ತಾಟು ಹಿಡಿದು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಅಪ್ಪಾ?" ಅಂದಳು ಬಸವೇಶ್ವರಿ.

ಮೊರದ ಪಕ್ಕ ಬಿದ್ದಿದ್ದ ಫೋನಿನಿಂದ ದನಿ ಬಂತು. ಅದು ಇನ್ನೂ ಆರಿರಲಿಲ್ಲ, ಯುನೂಸ ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಸಾಹೇಬ್ರ, ಕೈ ಮುಗೀತೇನಿ. ಉಸ್ತಾದರನ್ನ ಏನೂ ಕೇಳಬ್ಯಾಡ್ರಿ."

ಹಾಗಾದರೆ ಇವನಿಗೂ ಗೊತ್ತಿತ್ತು. ಆಯಿಯನ್ನು ಕಾಪಾಡಲು ಮುಂದಿನ ಗಾಲಿ ತೊಳೆದವನು, ಹಿಂದಿನವನ್ನು ಮುಟ್ಟದೆ ಯಾಕೆ ಬಿಟ್ಟ? ಉಸ್ತಾದರೇ ಒಂದು ದಿನ ಬಂದು ನೋಡಲಿ ಅಂತಲೇ?

ಅಮಾತೆಪ್ಪ ನಾಲ್ಕು ಹೆಜ್ಜೆ ನಡೆದು ಬಂದು ತಾಟನ್ನು ನೆಲಕ್ಕಿಟ್ಟ. ಮಗಳ ಮುಖ ನೋಡಲಿಲ್ಲ, ಗೆಳೆಯನ ಮುಖವನ್ನೂ ನೋಡಲಿಲ್ಲ. ಊರ ಮುಂದೆ ತಾನು ಅವಮಾನ ಮಾಡಿ ಬಂದ ಶಿಷ್ಯನ ದನಿ ಬರುತ್ತಿದ್ದ ಆ ಫೋನನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಯುನೂಸ," ಅಂದ. "ಹೇಳಿಬಿಡಪಾ ಇವರಿಗೆ. ಮಗಳು ರೇಸಿಗೆ ಇಳೀಬಾರದು ಅಂತ ಮಾಡಿದ್ದು ನಾ. ಉಳಿದದ್ದು ನನ್ನ ಬಾಯಿಲೇ ಬರೂದಿಲ್ಲ."